ಹೋಗಿ ಬರುತ್ತೇನೆ: ಕ್ಯೋಟೊದಿಂದ ತೀರ್ಥಹಳ್ಳಿಗೆ ಒಂದು ಕಾಗದ

ಕ್ಯೋಟೊ
ನವೆಂಬರ್ 22

ತೀರ್ಥರೂಪು ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಜ್ಜನ ಮಂಡಿನೋವು ಇಳಿದಿದೆಯೆಂದು ಕೇಳಿ ಸಮಾಧಾನವಾಯಿತು. ಫೋನಿನಲ್ಲಿ ನಮ್ಮ ಮಾತು ಊಟ, ಚಳಿ, ದುಡ್ಡು ಎನ್ನುವುದರಲ್ಲೇ ಮುಗಿದುಹೋಗುವುದರಿಂದ ಈ ಕಾಗದ ಬರೆಯುತ್ತಿದ್ದೇನೆ. ಅಜ್ಜನಿಗೆ ಇದನ್ನು ದೊಡ್ಡದಾಗಿ ಓದಿ ಹೇಳಿ. ಅರ್ಧಕ್ಕಿಂತ ಹೆಚ್ಚು ಅವರಿಗೆಂದೇ ಬರೆದದ್ದು.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಅವಸರದಲ್ಲಿ "ಹೋಗ್ತೀನಮ್ಮ" ಎಂದಾಗ, "ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು" ಎಂದು ಅಮ್ಮ ಗದರಿದ್ದು ನೆನಪಿದೆಯಲ್ಲವೇ? ನಮ್ಮ ವಿದ್ಯಾರ್ಥಿ ನಿಲಯದ ಬಾಗಿಲಲ್ಲಿ ಅಮ್ಮನಿಗಿಂತ ಹಿರಿಯರಾದ ಒಬ್ಬ ಮೇಲ್ವಿಚಾರಕಿ ಕುಳಿತಿರುತ್ತಾರೆ. ಬೆಳಿಗ್ಗೆ ಹೊರಗೆ ಕಾಲಿಡುವ ಪ್ರತಿಯೊಬ್ಬರೂ ಅವರಿಗೆ "ಇತ್ತೆಕಿಮಾಸು" ಎನ್ನುತ್ತಾರೆ, ಅವರು "ಇತ್ತೆರಾಶ್ಶಾಯ್" ಎಂದು ಉತ್ತರಿಸುತ್ತಾರೆ. ಎರಡು ವಾರ ನಾನೂ ಗಿಳಿಯಂತೆ ಹೇಳಿಕೊಂಡಿದ್ದೆ. ಆಮೇಲೆ ತರಗತಿಯಲ್ಲಿ ಪದ ಬಿಡಿಸಿ ನೋಡಿದರೆ ಮೊದಲನೆಯದು "ಹೋಗಿ ಬರುತ್ತೇನೆ", ಎರಡನೆಯದು "ಹೋಗಿ ಬಾ"! ಆ ದಿನದಿಂದ ಬಾಗಿಲು ದಾಟುವಾಗಲೆಲ್ಲ ಅಮ್ಮನ ಗದರಿಕೆ ಕಿವಿಯಲ್ಲಿರುತ್ತದೆ.

ಜಪಾನೀ ಭಾಷೆಯಲ್ಲಿ ನಾನು ತಕ್ಕಮಟ್ಟಿಗೆ ಮುಂದಿದ್ದೇನೆ, ಆದರೆ ಅದು ನನ್ನ ಜಾಣತನವಲ್ಲ. ನಮ್ಮಲ್ಲಿರುವಂತೆಯೇ ಇಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ, ಅಜ್ಜ ಕೃದಂತಾವ್ಯಯವೆಂದು ಉರುಹೊಡೆಸುತ್ತಿದ್ದ "ತಿಂದು", "ಮಾಡಿ", "ಹೋಗಿ" ಎಂಬ ರೂಪಗಳು ಮಾಡುವ ಕೆಲಸವನ್ನೆಲ್ಲ ಇವರ "ತೆ" ಎಂಬ ಪ್ರತ್ಯಯ ಮಾಡುತ್ತದೆ. "ತಬೆತೆ" ಎಂದರೆ ತಿಂದು, "ಮಿರು" ಎಂದರೆ ನೋಡು. ಎರಡೂ ಸೇರಿದರೆ ನಮ್ಮ "ತಿಂದು ನೋಡು". ಪಕ್ಕದ ಜರ್ಮನ್ ಹುಡುಗ ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧವೆಂದು ತಲೆ ಕೆರೆದುಕೊಳ್ಳುತ್ತಿದ್ದರೆ ನಾನು ಒಳಗೊಳಗೇ ನಗುತ್ತಿದ್ದೆ. ಲಿಪಿಯಲ್ಲಿ ಮಾತ್ರ ಅವನೂ ನಾನೂ ಒಂದೇ ದೋಣಿಯಲ್ಲಿದ್ದೇವೆ. ಒಂದೊಂದು ಕಾಂಜಿ ಅಕ್ಷರಕ್ಕೂ ಎರಡು ಮೂರು ಉಚ್ಚಾರಣೆಗಳಿದ್ದು, ಇವತ್ತು ಕಲಿತದ್ದು ನಾಳೆಗೆ ಉಳಿಯುವುದಿಲ್ಲ.

ನಿನ್ನೆ ತೋಜಿ ದೇವಾಲಯಕ್ಕೆ ಹೋಗಿದ್ದೆ. ಪ್ರತಿ ತಿಂಗಳು 21ರಂದು ಅದರ ಅಂಗಳದಲ್ಲಿ ಸಂತೆ ನೆರೆಯುತ್ತದೆ. ಹಳೆಯ ಕಿಮೋನೊ, ಪಿಂಗಾಣಿ, ಉಪ್ಪಿನಕಾಯಿ, ತುಕ್ಕು ಹಿಡಿದ ಗರಗಸ, ಎಲ್ಲವೂ ಸಿಗುತ್ತವೆ. ಸುಮಾರು 55 ಮೀಟರ್ ಎತ್ತರದ ಮರದ ಗೋಪುರವನ್ನು ಎಲ್ಲರೂ ನೋಡುತ್ತಾರೆ, ನಾನೂ ನೋಡಿದೆ. ಆದರೆ ನನ್ನನ್ನು ನಿಲ್ಲಿಸಿದ್ದು ಉಪನ್ಯಾಸ ಮಂದಿರದ ಒಳಗಿನ ಅರೆಗತ್ತಲೆಯಲ್ಲಿ ಹಂಸಗಳ ಮೇಲಿನ ಕಮಲದಲ್ಲಿ ಕುಳಿತ ನಾಲ್ಕು ಮುಖದ ಮೂರ್ತಿ. ಹೆಸರು ಬೊನ್‌ತೆನ್, ಅಂದರೆ ನಮ್ಮ ಬ್ರಹ್ಮ. ಅದೇ ವೇದಿಕೆಯ ಇನ್ನೊಂದು ತುದಿಯಲ್ಲಿ ಆನೆಯ ಮೇಲೆ ತೈಶಾಕುತೆನ್, ಅಂದರೆ ಇಂದ್ರ. ಆ "ಶಾಕು" ಸಂಸ್ಕೃತದ "ಶಕ್ರ" ಎಂಬುದರಿಂದಲೇ ಬಂದದ್ದು. ಆನೆಗೆ ಮಾತ್ರ ಸ್ವಲ್ಪ ಬೇಸರದ ಮುಖವಿದೆ. ಕೆತ್ತಿದವನು ಆನೆಯನ್ನು ಕಂಡಿರಲಿಲ್ಲವೋ ಏನೋ.

823ರಲ್ಲಿ ಈ ದೇವಾಲಯವನ್ನು ವಹಿಸಿಕೊಂಡ ಕೂಕಾಯ್ ಎಂಬ ಸಂನ್ಯಾಸಿ ಅದಕ್ಕೆ ಮುನ್ನ ಚೀನಾಕ್ಕೆ ಹೋಗಿ ಸಂಸ್ಕೃತವನ್ನೂ ಅದನ್ನು ಬರೆಯುವ ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯನ್ನೂ ಕಲಿತು ಬಂದಿದ್ದರು. ಹೀಗೆ ಸಿದ್ಧಂ ಓದಿದ ಭಿಕ್ಷುಗಳ ಪಾಂಡಿತ್ಯದಿಂದಲೇ ಜಪಾನೀಯರ ವರ್ಣಮಾಲೆಗೆ ಈಗಿನ ಕ್ರಮ ಬಂದಿದೆ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. "ಹ" ಹಿಂದೆ "ಪ" ಆಗಿತ್ತು ಎಂದು ತಿಳಿದುಕೊಂಡರೆ ಅಜ್ಜ ಮರಳಿನ ಮೇಲೆ ತಿದ್ದಿಸಿದ ಸಾಲೇ ಇಲ್ಲಿಯೂ ಇದೆ. ನಿಘಂಟು ತೆರೆದಾಗ ಪದ ಎಲ್ಲಿರುತ್ತದೆಂದು ನನ್ನ ಬೆರಳಿಗೆ ಗೊತ್ತಾಗುವುದು ಆ ಮರಳಿನ ಪುಣ್ಯ.

ಇನ್ನು ಊಟದ ವಿಷಯ, ಅಮ್ಮ ಬೈಯದೆ ಓದಬೇಕು. ಮೊದಲ ವಾರ ಸಹಪಾಠಿಯೊಬ್ಬಳು ಮಿಸೊ ಸಾರಿನ ಬಟ್ಟಲು ಮುಂದಿಟ್ಟು, ತರಕಾರಿಯದೇ ಎಂದು "ತಿಂದು ನೋಡು" ಎಂದಳು. ಎರಡು ಬಟ್ಟಲು ಕುಡಿದ ಮೇಲೆ ತಿಳಿಯಿತು, ಇಲ್ಲಿ ಬಹುತೇಕ ಸಾರುಗಳ ಮೂಲದಲ್ಲಿ ಒಣಮೀನು ಇರುತ್ತದೆ. ಮರದಂತೆ ಗಟ್ಟಿಯಾದ ಮೀನನ್ನು ಬಡಗಿಯ ಕೀಸುಳಿಯಂಥದ್ದರಲ್ಲಿ ತೆಳ್ಳಗೆ ಹೆರೆದು ನೀರಿಗೆ ಹಾಕುತ್ತಾರೆ. ಅವಳ ಲೆಕ್ಕದಲ್ಲಿ ಅದು ಮೀನಲ್ಲ, ರುಚಿ. ಈಗ ಕೊಂಬು ಎಂಬ ಕಡಲಪಾಚಿ ಹಾಕಿ ನಾನೇ ಸಾರು ಕಾಯಿಸಿಕೊಳ್ಳುತ್ತೇನೆ. ಈ ಊರಿನ ತೋಫು ನಿಜಕ್ಕೂ ಚೆನ್ನಾಗಿದೆ, ಆದ್ದರಿಂದ ನಾನು ಸೊರಗಿಲ್ಲ.

ಸಂಜೆ ಬಿಡುವಾದರೆ ದೆಮಾಚಿಯಾನಾಗಿಗೆ ಹೋಗುತ್ತೇನೆ. ಅಲ್ಲಿ ತಕಾನೊ ನದಿ ಕಾಮೊ ನದಿಯನ್ನು ಸೇರುತ್ತದೆ. ದಾಟಲು ನೀರಿನ ನಡುವೆ ಸಾಲಾಗಿ ಕಲ್ಲುಗಳಿವೆ, ಕೆಲವು ಆಮೆಯ ಆಕಾರದವು. ಬೇಸಿಗೆಯಲ್ಲಿ ತುಂಗೆಯ ಬಂಡೆಗಳ ಮೇಲೆ ಹಾರಿದವಳಿಗೆ ಇದೇನೂ ಹೊಸತಲ್ಲ, ಆದರೂ ಮೊನ್ನೆ ಜಾರಿ ಒಂದು ಶೂ ನೆನೆಸಿಕೊಂಡೆ.

ಪಾರ್ಸೆಲ್ ಕಳಿಸುವುದಾದರೆ ಸಾರಿನ ಪುಡಿ ಸಾಕು. ಮಿಡಿ ಉಪ್ಪಿನಕಾಯಿ ದಾರಿಯಲ್ಲಿ ಸೋರುತ್ತದೆ. ಆಗಸ್ಟ್ 16ರ ರಾತ್ರಿ ಇಲ್ಲಿ ಪಿತೃಗಳನ್ನು ಬೀಳ್ಕೊಡಲು ಐದು ಬೆಟ್ಟಗಳ ಮೇಲೆ ಬೆಂಕಿ ಹಚ್ಚುತ್ತಾರಂತೆ. ಅದನ್ನು ನೋಡಿಕೊಂಡು ಹೊರಡುತ್ತೇನೆ. ಚೌತಿಯ ಹೊತ್ತಿಗೆ ಮನೆಯಲ್ಲಿರುತ್ತೇನೆ.

ಇಂತಿ,
ನಿಮ್ಮ ಮಗಳು