ಚೈನ್‌ಸಾ ಪೆಟ್ರೋಲ್ ಮುಚ್ಚಳ ಬಿಗಿದುಕೊಂಡಿದ್ದು ಬಳಕೆದಾರರ ತಪ್ಪಲ್ಲ: ವಾರಂಟಿ ನಿರಾಕರಣೆಯ ವಿರುದ್ಧ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಇಂಧನ ಮುಚ್ಚಳ ತೆರೆಯದ ಚೈನ್‌ಸಾಗೆ ‘ಅತಿಯಾಗಿ ಬಿಗಿ ಮಾಡಲಾಗಿದೆ’ ಎಂದು ಷರಾ ಬರೆದು ವಾರಂಟಿ ತಳ್ಳಿಹಾಕಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಅಧಿಕೃತ ಸರ್ವಿಸ್ ಸೆಂಟರ್‌ನ ಜಾಬ್ ಕಾರ್ಡಿನಲ್ಲಿ ನಾವು ಎರಡು ತೊಂದರೆ ಬರೆಸಿದ್ದೆವು. ಒಂದು, ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಓಡಿ, ಆಮೇಲೆ ಸೊರಗಿ ನಿಂತುಬಿಡುತ್ತದೆ. ಇನ್ನೊಂದು, ಪೆಟ್ರೋಲ್ ಮುಚ್ಚಳ ತಿರುಗುತ್ತಿಲ್ಲ. ನಿಮ್ಮ ಮೆಕ್ಯಾನಿಕ್ ಮೊದಲನೆಯದಕ್ಕೆ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿದರು, ಎರಡನೆಯದಕ್ಕೆ ಇಕ್ಕಳ ಹಾಕಿದರು. ಇವೆರಡೂ ಒಂದೇ ಕಾಯಿಲೆಯ ಲಕ್ಷಣ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಾಯಿಲೆ ಇರುವುದು ಟ್ಯಾಂಕಿನ ವೆಂಟ್‌ನಲ್ಲಿ. ಕಾರ್ಬೊರೇಟರ್ ಪೆಟ್ರೋಲ್ ಎಳೆದುಕೊಂಡಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದನ್ನು ಒಳಗೆ ಬಿಡುವುದೇ ವೆಂಟ್‌ನ ಕೆಲಸ. ಎಣ್ಣೆ ಹೀರಿದ ನುಣ್ಣನೆ ಮರದ ಹುಡಿ ಅದನ್ನು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ. ಪೆಟ್ರೋಲ್ ಹರಿವು ಕಡಿಮೆಯಾಗಿ ಎಂಜಿನ್ ಸೊರಗುತ್ತದೆ, ಹೊರಗಿನ ಗಾಳಿಯ ಒತ್ತಡ ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. 4 ಸೆಂ.ಮೀ. ವ್ಯಾಸದ ಮುಚ್ಚಳದ ಮೇಲೆ 0.2 ಬಾರ್ ಒತ್ತಡದ ವ್ಯತ್ಯಾಸವೆಂದರೆ ಸುಮಾರು ಎರಡೂವರೆ ಕಿಲೋ ಭಾರ. ಅಷ್ಟೇ ಆಗಿದ್ದರೆ ಕೈಯಲ್ಲೇ ತೆಗೆಯಬಹುದಿತ್ತು. ಇಲ್ಲಿ ಓ-ರಿಂಗ್ (ಮುಚ್ಚಳದಿಂದ ಪೆಟ್ರೋಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಕೂಡ ಉಬ್ಬಿತ್ತು, ಅದರ ಸುತ್ತ ಮರದ ಅಂಟು ಗಟ್ಟಿಯಾಗಿತ್ತು.

ಯಂತ್ರ ವಾಪಸ್ ಬಂದಾಗಲೂ ಮುಚ್ಚಳ ಹಾಗೇ ಇತ್ತು. ಅದನ್ನು ತೆಗೆದ ಕ್ರಮವನ್ನು ನಿಮ್ಮ ತಾಂತ್ರಿಕ ವಿಭಾಗದ ಗಮನಕ್ಕೆ ಬರೆಯುತ್ತಿದ್ದೇವೆ. ಮೊದಲು ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟೆವು. ಬಿಸಿ ಟ್ಯಾಂಕಿನಲ್ಲಿ ನಿರ್ವಾತದ ಬದಲು ಒತ್ತಡವೇ ಇರಬಹುದು, ಮುಚ್ಚಳ ಬಿಚ್ಚಿದ ಕೂಡಲೇ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ನಂತರ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿ, ಮುಚ್ಚಳದ ಸುತ್ತಲಿನ ಹುಡಿಯನ್ನು ಬ್ರಷ್‌ನಿಂದ ತೆಗೆದೆವು. ಏರ್ ಫಿಲ್ಟರ್ ಬಿಚ್ಚಿ, ಕಾರ್ಬೊರೇಟರ್‌ಗೆ ಬರುವ ಪೆಟ್ರೋಲ್ ಪೈಪನ್ನು ಎಳೆದ ತಕ್ಷಣ ‘ಸುಯ್’ ಎಂದು ಗಾಳಿ ಒಳಗೆ ಹೋಯಿತು. ಮುಚ್ಚಳದ ಅಂಚಿಗೆ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಹತ್ತು ನಿಮಿಷ ಕಾದು, ಒಂದು ಕೈಯಿಂದ ಮುಚ್ಚಳವನ್ನು ಕೆಳಕ್ಕೆ ಒತ್ತಿಕೊಂಡೇ ಇನ್ನೊಂದು ಕೈಯಿಂದ ತಿರುಗಿಸಿದಾಗ ಬಂತು. ಇಕ್ಕಳ ಬೇಕಾಗಲಿಲ್ಲ. ಹೀಟ್ ಗನ್ನಂತೂ ಪೆಟ್ರೋಲ್ ಟ್ಯಾಂಕಿನ ಹತ್ತಿರ ಸುಳಿಯಲೇಬಾರದು.

ಇನ್ನು ನಿಮ್ಮ ಷರಾ. ‘ಅತಿಯಾಗಿ ಬಿಗಿ ಮಾಡಿದ್ದರಿಂದ ಥ್ರೆಡ್ ಹಾಳಾಗಿದೆ, ಟ್ಯಾಂಕ್ ಬದಲಿಸಬೇಕು’ ಎಂದು ಬರೆದಿದ್ದಾರೆ. ಈ ಮಾದರಿಯ ಮುಚ್ಚಳಕ್ಕೆ ಥ್ರೆಡ್ಡೇ ಇಲ್ಲ! ಮಡಚುವ ಹಿಡಿ ಎತ್ತಿ ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುವ ಬಗೆ ಇದು. ಕೊನೆ ಮುಟ್ಟಿದ ಮೇಲೆ ಅದು ಮುಂದಕ್ಕೆ ಹೋಗುವುದೇ ಇಲ್ಲ. ಷರಾ ಬರೆದವರು ಮುಚ್ಚಳ ನೋಡಿಯೇ ಬರೆದರೋ ಎಂಬ ಸಂಶಯ ಬರುತ್ತದೆ. ಈ ಯಂತ್ರದಲ್ಲಿ ಟ್ಯಾಂಕ್ ಮತ್ತು ಹಿಂದಿನ ಹಿಡಿಕೆ ಒಂದೇ ಅಚ್ಚಿನಲ್ಲಿ ಬರುವುದರಿಂದ, ‘ಟ್ಯಾಂಕ್ ಬದಲಿಸಿ’ ಎಂದರೆ ಯಂತ್ರದ ಅರ್ಧ ದೇಹವನ್ನೇ ಬದಲಿಸಿ ಎಂದಂತೆ. ನಿಜಕ್ಕೂ ಬೇಕಿದ್ದುದು ಒಂದು ವೆಂಟ್ ಮತ್ತು ಒಂದು ಓ-ರಿಂಗ್.

ಹೊಸ ಹಾನಿ ಆಗಿದ್ದರೆ ಅದು ಸರ್ವಿಸ್ ಸೆಂಟರ್‌ನಲ್ಲೇ. ಮುಚ್ಚಳದ ಹಿಡಿಯ ಎರಡೂ ಬದಿಯಲ್ಲಿ ಇಕ್ಕಳದ ಹಲ್ಲಿನ ಗುರುತು ಸಾಲಾಗಿ ಮೂಡಿದೆ, ಬುಡದಲ್ಲಿ ಪ್ಲಾಸ್ಟಿಕ್ ಬಿಳಿಚಿ ಸೀಳು ಬಿಟ್ಟಿದೆ. ಯಂತ್ರ ಒಪ್ಪಿಸುವಾಗ ತೆಗೆದ ಫೋಟೋದಲ್ಲಿ ಇವು ಯಾವುವೂ ಇಲ್ಲ. ಆ ಎಳೆದಾಟದಲ್ಲಿ ಮುಚ್ಚಳದ ಕೆಳಭಾಗ ಮೇಲ್ಭಾಗದಿಂದ ತಿರುಚಿಕೊಂಡು, ತೆಗೆದ ಮೇಲೆ ಮತ್ತೆ ಕೂರುತ್ತಿರಲಿಲ್ಲ. ಅದಕ್ಕೂ ಉಪಾಯ ಸುಲಭ: ಟ್ಯಾಂಕಿನ ಬಾಯಿಯ ಮೇಲಿಟ್ಟು ಎಡಕ್ಕೆ ತಿರುಗಿಸುತ್ತಾ ಹೋದರೆ ಒಂದು ಕಡೆ ತನ್ನ ಜಾಗಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕಾಲು ಸುತ್ತು ಎಡಕ್ಕೇ ತಿರುಗಿಸಿದರೆ ಕೆಳಭಾಗ ಸರಿಹೊಂದುತ್ತದೆ, ಆಮೇಲೆ ಬಲಕ್ಕೆ ತಿರುಗಿಸಿ ಮುಚ್ಚಬೇಕು. ನಿಮ್ಮ ಕೈಪಿಡಿಯಲ್ಲಿ ಇದರ ಸುಳಿವೇ ಇಲ್ಲ.

ಕಾರ್ಬೊರೇಟರ್ ವಿಷಯ ಇದಕ್ಕಿಂತ ಗಂಭೀರ. ಇದು ಟೂ-ಸ್ಟ್ರೋಕ್ ಎಂಜಿನ್. 50:1 ಲೆಕ್ಕದಲ್ಲಿ ಲೀಟರಿಗೆ ಬೆರೆಸಿದ 20 ಮಿ.ಲೀ. ಎಣ್ಣೆ ಪಿಸ್ಟನ್ ತಲುಪುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಪಿಸ್ಟನ್ ಗೀಚಿಹೋಗುತ್ತದೆ. ವೆಂಟ್ ಮುಚ್ಚಿದ್ದಾಗಲೇ ಎಚ್ ಸ್ಕ್ರೂವನ್ನು (ಹೆಚ್ಚಿನ ವೇಗದಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂ) ಸಡಿಲಿಸಿ ಸರಿಮಾಡಿದ್ದರಿಂದ, ನಾವು ವೆಂಟ್ ಬದಲಿಸಿದ ಮೇಲೆ ಈಗ ಪೆಟ್ರೋಲ್ ಹೆಚ್ಚಾಗಿ ಹೊಗೆ ಕಾರುತ್ತಿದೆ. ಎಂಜಿನ್ ಸೊರಗಿದಾಗ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ನೋಡುವುದು ಯಾವ ಮೆಕ್ಯಾನಿಕ್ಕಾದರೂ ಮಾಡುವ ಮೊದಲ ಪರೀಕ್ಷೆ. ಇಲ್ಲಿ ಮುಚ್ಚಳವೇ ಬರುತ್ತಿರಲಿಲ್ಲ ಎನ್ನಬಹುದು, ಆದರೆ ಪೈಪ್ ಎಳೆಯಲು ಏನು ಅಡ್ಡಿಯಿತ್ತು?

ಓ-ರಿಂಗ್ ಬಗ್ಗೆಯೂ ಉತ್ತರ ಬೇಕು. 10% ಎಥನಾಲ್ ಇರುವ ಪೆಟ್ರೋಲ್ ಬಳಸಬಹುದು ಎಂದು ನಿಮ್ಮ ಕೈಪಿಡಿಯೇ ಹೇಳುತ್ತದೆ. ನಾವು ಅದಕ್ಕಿಂತ ಹೆಚ್ಚಿನದನ್ನು ಬಳಸಿಲ್ಲ. ಹಾಗಿದ್ದೂ ರಿಂಗ್ ಉಬ್ಬಿ ತನ್ನ ತೋಡಿನಿಂದ ಹೊರಗೆ ನಿಂತಿದೆ ಎಂದರೆ ರಬ್ಬರಿನ ಆಯ್ಕೆಯಲ್ಲೇ ದೋಷವಿದೆ.

ಆದ್ದರಿಂದ ‘ಬಳಕೆದಾರರ ತಪ್ಪು’ ಎಂಬ ಷರಾ ರದ್ದುಮಾಡಿ, ಮುಚ್ಚಳ, ಓ-ರಿಂಗ್ ಮತ್ತು ನಾವೇ ಕೊಂಡು ಹಾಕಿದ ವೆಂಟ್‌ನ ವೆಚ್ಚವನ್ನು ವಾರಂಟಿಯಡಿ ಭರಿಸಬೇಕು. ಕಾರ್ಬೊರೇಟರನ್ನು ಟ್ಯಾಕೋಮೀಟರ್ (ಎಂಜಿನ್ ವೇಗ ಅಳೆಯುವ ಉಪಕರಣ) ಇಟ್ಟು ಮರುಹೊಂದಿಸಿ ಕೊಡಬೇಕು. ಓ-ರಿಂಗ್ ಬಿಡಿಯಾಗಿ ಸಿಗುವಂತಾಗಬೇಕು, ಅದಕ್ಕಾಗಿ ಇಡೀ ಮುಚ್ಚಳ ಕೊಳ್ಳಿರಿ ಎನ್ನುವುದು ನ್ಯಾಯವಲ್ಲ. 15 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇವೆ.

ಜಾಬ್ ಕಾರ್ಡಿನ ಪ್ರತಿ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇವೆ. ಹಳೆಯ ಬಿಡಿಭಾಗಗಳು ನಮ್ಮಲ್ಲೇ ಇವೆ, ಕೇಳಿದರೆ ಪರಿಶೀಲನೆಗೆ ಕೊಡುತ್ತೇವೆ. ಉಬ್ಬಿದ ಓ-ರಿಂಗ್ ಗಾಳಿಗೆ ಒಣಗಿ ಕುಗ್ಗುವುದರಿಂದ, ಅದನ್ನು ತೆಗೆದ ಕೂಡಲೇ ಹೊಸ ರಿಂಗಿನ ಪಕ್ಕದಲ್ಲಿಟ್ಟು ತೆಗೆದ ಫೋಟೋವನ್ನೇ ಅಳತೆಗೆ ಆಧಾರವಾಗಿ ಪರಿಗಣಿಸಬೇಕು.

ಇಂತಿ,
ಯಂತ್ರದ ಮಾಲೀಕರು ಮತ್ತು ಬಳಕೆದಾರರು