ಬೂವನಹಳ್ಳಿಯಿಂದ ಬೆಂಗಳೂರಿಗೆ ನಿಜಕ್ಕೂ ಅರ್ಧ ಗಂಟೆಯೇ?

ಮಾನ್ಯ ಸಂಪಾದಕರಿಗೆ,

ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಪ್ರಸ್ತಾಪ ಬಂದಾಗಲೆಲ್ಲ ‘ಇಲ್ಲಿಂದ ಬೆಂಗಳೂರಿಗೆ ಅರ್ಧ ಗಂಟೆ’ ಎಂಬ ಮಾತು ಕೇಳಿಬರುತ್ತದೆ. ಹಾಸನಕ್ಕೂ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ನೇರ ಗೆರೆ ಎಳೆದರೆ ಸುಮಾರು 175 ಕಿ.ಮೀ. ಆಗುತ್ತದೆ, ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಕಾಗದದ ಮೇಲೆ ಅದು 21 ನಿಮಿಷದ ದಾರಿ. ಆದರೆ ವಿಮಾನಗಳು ಕಾಗದದ ಮೇಲೆ ಹಾರುವುದಿಲ್ಲ.

ಈಗಿರುವ ಮಾರ್ಗಗಳನ್ನೇ ನೋಡಬಹುದು. ಬೆಂಗಳೂರು ಮತ್ತು ಮಂಗಳೂರು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 305 ಕಿ.ಮೀ., ಬೆಂಗಳೂರು ಮತ್ತು ಶಿವಮೊಗ್ಗದ ಸೋಗಾನೆ ನಡುವಿನದು ಸುಮಾರು 240 ಕಿ.ಮೀ. ದೂರದಲ್ಲಿ 65 ಕಿ.ಮೀ. ವ್ಯತ್ಯಾಸವಿದ್ದರೂ ವೇಳಾಪಟ್ಟಿಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದು ಗಂಟೆ ಎಂದೇ ಇರುತ್ತದೆ. ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಸಮಯವನ್ನು ವೇಳಾಪಟ್ಟಿ ಲೆಕ್ಕ ಹಾಕುವುದರಿಂದ, ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ಸುತ್ತು ಬರುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ದೂರ ಕಡಿಮೆಯಾದ ಮಾತ್ರಕ್ಕೆ ಈ ನಿಮಿಷಗಳು ಕಡಿಮೆಯಾಗುವುದಿಲ್ಲ.

ಇನ್ನು ನೆಲದ ಮೇಲಿನ ಸಮಯ. ಹೊರಡುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ದೇವನಹಳ್ಳಿಯಲ್ಲಿ ಇಳಿದು, ಸಾಮಾನಿಗೆ ಕಾದು, ಮೆಜೆಸ್ಟಿಕ್‌ವರೆಗಿನ ಸುಮಾರು 35 ಕಿ.ಮೀ. ಕ್ರಮಿಸಲು ಹೆಬ್ಬಾಳದ ವಾಹನ ದಟ್ಟಣೆಯನ್ನು ದಾಟಬೇಕು. ಇದೆಲ್ಲ ಮುಗಿಯುವ ಹೊತ್ತಿಗೆ ಹಾಸನದಲ್ಲಿ ಅದೇ ವೇಳೆಗೆ ಕಾರು ಹತ್ತಿದವರು ನೆಲಮಂಗಲ ದಾಟಿರುತ್ತಾರೆ. 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮೂಲಕ ರೈಲು ಇದೆ ಎಂಬುದನ್ನೂ ನಮ್ಮ ಮುಖಂಡರು ಏಕೋ ಮರೆಯುತ್ತಾರೆ.

ಹಾಗೆಂದು ನಾನು ವಿಮಾನ ನಿಲ್ದಾಣದ ವಿರೋಧಿಯಲ್ಲ. ನನ್ನ ಆಕ್ಷೇಪವಿರುವುದು ಬೆಂಗಳೂರು ಮಾರ್ಗದ ಕನವರಿಕೆಯ ಬಗ್ಗೆ ಮಾತ್ರ. ಹಾಸನದಿಂದ ಹೈದರಾಬಾದ್‌ಗೆ ನೇರ ದೂರ ಸುಮಾರು 530 ಕಿ.ಮೀ., ಮುಂಬೈಗೆ ಸುಮಾರು 760 ಕಿ.ಮೀ. ರಸ್ತೆಯಲ್ಲಿ ಇಡೀ ರಾತ್ರಿ ಬೇಡುವ ಇಂಥ ಊರುಗಳಿಗೆ ಹೋಗುವಾಗ ನಿಲ್ದಾಣದಲ್ಲಿ ಕಳೆದ ಒಂದೂವರೆ ಗಂಟೆ ಹೊರೆ ಎನಿಸುವುದಿಲ್ಲ. ಚಿಕ್ಕಮಗಳೂರಿನ ನೆಂಟರು 2023ರಲ್ಲಿ ಸೋಗಾನೆ ನಿಲ್ದಾಣ ಆರಂಭವಾದ ಮೇಲೆ ದೂರದ ಊರುಗಳಿಗೆ ತರೀಕೆರೆ ಮಾರ್ಗವಾಗಿ ಅಲ್ಲಿಗೇ ಹೋಗುತ್ತಾರೆ. ನಮಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಸುಮಾರು 170 ಕಿ.ಮೀ. ಇದ್ದರೂ, ಮಳೆಗಾಲದಲ್ಲಿ ದೋಣಿಗಾಲ್ ಬಳಿ ಗುಡ್ಡ ಕುಸಿದರೆ ಶಿರಾಡಿ ದಾರಿಯನ್ನು ನಂಬಿ ಟಿಕೆಟ್ ತೆಗೆಸುವುದು ಜೂಜಾಟವೇ ಸರಿ.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಉಡಾನ್‌ನಂತಹ ಯೋಜನೆಯಡಿ ಸರ್ಕಾರದ ನೆರವು ಪಡೆದು ಬೂವನಹಳ್ಳಿಯಿಂದ ವಿಮಾನ ಹಾರಿಸುವುದಾದರೆ, ಮೊದಲ ಮಾರ್ಗವನ್ನು ಆಯ್ಕೆ ಮಾಡುವ ಮುನ್ನ ಸಂಬಂಧಪಟ್ಟವರು ಪ್ರತಿ ಊರಿಗೂ ಮನೆ ಬಾಗಿಲಿನಿಂದ ತಲುಪುವ ಜಾಗದವರೆಗಿನ ಒಟ್ಟು ಸಮಯವನ್ನು ಬಸ್ಸು, ರೈಲಿನ ಸಮಯದೊಂದಿಗೆ ಹೋಲಿಸಿ ಪ್ರಕಟಿಸಲಿ. ತಮ್ಮ ಪತ್ರಿಕೆಯೂ ಹಾರಾಟದ ನಿಮಿಷಗಳನ್ನು ಮುದ್ರಿಸುವಾಗ ಆ ಒಟ್ಟು ಸಮಯವನ್ನು ಪಕ್ಕದಲ್ಲೇ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಹಾಸನ