ಸುರಂಗದ ಅಳತೆಗೆ ಕೆಲಸ ನಿಲ್ಲಿಸುವ ಅಧಿಕಾರ ಇರಲಿ

ಮಾನ್ಯ ಸಂಪಾದಕರೇ,

ಸುರಂಗದ ಕೆಲಸ ತಡವಾದಾಗ, ಖರ್ಚು ಏರಿದಾಗ ‘ಮೊದಲೇ ಮಣ್ಣು ಪರೀಕ್ಷೆ ಮಾಡಿರಲಿಲ್ವಾ?’ ಎಂದು ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಬೋರ್‌ಹೋಲ್ ಕೊರೆದರೆ ಕೈಗೆ ಸಿಗುವುದು ಅಂಗೈ ಅಗಲದ ಮಣ್ಣು, ಕಲ್ಲು. ಎರಡು ಬೋರ್‌ಹೋಲ್‌ಗಳ ನಡುವೆ ಸಡಿಲ ಬಂಡೆ ಇದೆಯೋ, ನೀರಿದೆಯೋ ಎಂಬುದು ಅಗೆದಾಗಲೇ ಖಚಿತ.

ಹಾಗಂತ ಉದ್ದಕ್ಕೂ ಕೆಟ್ಟ ನೆಲವೇ ಎಂದು ಲೆಕ್ಕ ಹಾಕಿ ದಪ್ಪ ಕಾಂಕ್ರೀಟ್ ಸುರಿದರೆ ದುಡ್ಡು ಸುಮ್ನೆ ಹೋಗುತ್ತದೆ. ಒಳ್ಳೆಯ ನೆಲ ಎಂದು ನಂಬಿ ಹೊರಟರೆ ಜೀವಕ್ಕೇ ಅಪಾಯ. ಇದಕ್ಕೊಂದು ದಾರಿಯನ್ನು ಅಮೆರಿಕದ ಎಂಜಿನಿಯರ್ ರಾಲ್ಫ್ ಪೆಕ್ 1969ರಲ್ಲೇ ವಿವರಿಸಿದ್ದರು. ನೆಲ ಹೇಗಿರುವ ಸಾಧ್ಯತೆ ಜಾಸ್ತಿಯೋ ಅದಕ್ಕೆ ವಿನ್ಯಾಸ ಮಾಡಿ. ನೆಲ, ಗೋಡೆ ಎಷ್ಟು ಸರಿಯುತ್ತಿದೆ ಎಂದು ಅಗೆಯುತ್ತಾ ಅಳೆಯಿರಿ. ಅಳತೆ ಅಂದಾಜು ಮೀರಿದರೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕೆಲಸದ ನಡುವೆ ವಿನ್ಯಾಸ ಬದಲಿಸಲು ಆಗದ ಕಡೆ ಈ ದಾರಿ ಬೇಡ ಎಂದೂ ಅವರು ಎಚ್ಚರಿಸಿದ್ದರು.

ನಾವು ಮರೆಯುವುದು ಈ ಎಚ್ಚರಿಕೆಯನ್ನೇ. 2004ರ ಏಪ್ರಿಲ್ 20ರಂದು ಸಿಂಗಪುರದಲ್ಲಿ ಮೆಟ್ರೊಗಾಗಿ ಅಗೆದಿದ್ದ ಜಾಗ ಕುಸಿದು ನಿಕೋಲ್ ಹೈವೇಯ ಒಂದು ಭಾಗವೂ ಕೆಳಗೆ ಹೋಯಿತು. ನಾಲ್ವರು ಸತ್ತರು. ಅಲ್ಲಿ ಅಳತೆ ತೆಗೆಯುತ್ತಲೇ ಇದ್ದರು. ಸುತ್ತಲ ಮಣ್ಣು ತಡೆಯಲು ಕಟ್ಟಿದ್ದ ಗೋಡೆ ಲೆಕ್ಕಕ್ಕಿಂತ ಜಾಸ್ತಿ ಬಾಗುತ್ತಿರುವುದು ವಾರಗಳ ಮೊದಲೇ ರೀಡಿಂಗ್‌ನಲ್ಲಿ ಕಂಡಿತ್ತು. ಆಗ ವಿನ್ಯಾಸವನ್ನು ಬುಡದಿಂದ ನೋಡುವ ಬದಲು ಎಚ್ಚರಿಕೆಯ ಮಿತಿಯನ್ನೇ ಮೇಲಕ್ಕೆ ಏರಿಸಿದರು. ಗೋಡೆಗೆ ಆಸರೆಯಾದ ಉಕ್ಕಿನ ತೊಲೆಗಳ ಜೋಡಣೆಯಲ್ಲಿದ್ದ ತಪ್ಪು ಹಾಗೇ ಉಳಿಯಿತು. ಈ ಘಟನೆಯ ಬಗ್ಗೆ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಪ್ರಕಾರ ತೊಡಕು ಇರುವುದು ಗುತ್ತಿಗೆಯಲ್ಲಿ. ಎಲ್ಲ ಅಪಾಯವನ್ನೂ ಗುತ್ತಿಗೆದಾರರ ತಲೆಗೆ ಕಟ್ಟಿ ಒಂದೇ ಮೊತ್ತಕ್ಕೆ ಕೆಲಸ ಒಪ್ಪಿಸಿದರೆ, ಪ್ರತಿ ಕೆಟ್ಟ ರೀಡಿಂಗ್ ಅವರಿಗೆ ನಷ್ಟದ ಸುದ್ದಿ. ಅದನ್ನು ಯಾರು ಮನಸ್ಸಿಟ್ಟು ಓದುತ್ತಾರೆ? ನೆಲದ ಬಗ್ಗೆ ಏನು ಅಂದಾಜಿಸಿದ್ದೇವೆ ಎಂಬುದು ಟೆಂಡರ್‌ನಲ್ಲೇ ಇರಬೇಕು. ಅದಕ್ಕಿಂತ ಕೆಟ್ಟ ನೆಲ ಸಿಕ್ಕರೆ ಖರ್ಚು ಕೆಲಸ ಮಾಡಿಸುವವರದೇ ಆಗಬೇಕು. ಹೆಚ್ಚುವರಿ ರಾಕ್ ಬೋಲ್ಟ್ (ಬಂಡೆಯನ್ನು ಹಿಡಿದಿಡುವ ಉಕ್ಕಿನ ಸರಳು), ಶಾಟ್‌ಕ್ರೀಟ್‌ಗೆ (ಗೋಡೆಗೆ ರಭಸದಿಂದ ಎರಚುವ ಕಾಂಕ್ರೀಟ್) ದರ ಮೊದಲೇ ನಿಗದಿಯಾಗಿರಲಿ, ಸಾಮಾನು ಸೈಟಿನಲ್ಲೇ ಇರಲಿ.

ಇನ್ನೊಂದು ಮಾತು. ರಾತ್ರಿ ಪಾಳಿಯಲ್ಲಿ ರೀಡಿಂಗ್ ನೋಡುವ ಕಿರಿಯ ಎಂಜಿನಿಯರ್‌ಗೆ, ಮೇಲಿನವರ ಒಪ್ಪಿಗೆಗೆ ಕಾಯದೆ ಅಗೆತ ನಿಲ್ಲಿಸುವ ಅಧಿಕಾರವನ್ನು ಬರಹದಲ್ಲೇ ಕೊಡಿ.

ಇಂತಿ,
ಒಬ್ಬ ಸಿವಿಲ್ ಎಂಜಿನಿಯರ್